35,100 ರೂಪಾಯಿಯ ಫ್ರೀ: ರೀಚಾರ್ಜ್ ಜೊತೆ ಬಂದ ಎಐಗೆ ದುಡ್ಡು ಕೊಡುತ್ತಿರುವವರು ಯಾರು?

ಹೊಸ ಫೋನ್, ಹೊಸ ಆ್ಯಪ್ ಬಗ್ಗೆ ನಮ್ಮ ಊರಲ್ಲಿ ಯಾರನ್ನೇ ಕೇಳಿ, ಅಭಿಪ್ರಾಯ ರೆಡಿ ಇರುತ್ತದೆ. "ಲಾಯ್ಕ್ ಉಂಟು ಮಾರಾಯ್ರೆ." "ಎಂಥದೂ ಇಲ್ಲ ಅದರಲ್ಲಿ, ಸುಮ್ನೆ ಬ್ಯಾಟರಿ ತಿಂತದೆ." ಹೀಗೆ ಎರಡು ಪಂಗಡ ಯಾವಾಗಲೂ ಇದ್ದದ್ದೇ. ಎಐ ಆ್ಯಪ್‌ಗಳ ವಿಷಯಕ್ಕೆ ಬಂದರೆ ಮಾತ್ರ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯವರಿಂದ ಹಿಡಿದು ಮಣಿಪಾಲದ ಹಾಸ್ಟೆಲ್ ಹುಡುಗರ ತನಕ ಎಲ್ಲರದ್ದೂ ಒಂದೇ ಮಾತು: "ಫ್ರೀ ಉಂಟಲ್ಲ, ಇರ್ಲಿ ಬಿಡಿ."

ಈ ಫ್ರೀ ಎಲ್ಲಿಂದ ಬಂತು ಎಂದು ಮೊದಲು ನೋಡೋಣ. 2025ರ ಜುಲೈಯಲ್ಲಿ ಏರ್‌ಟೆಲ್ ತನ್ನ ಸುಮಾರು 36 ಕೋಟಿ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ ಪ್ರೊ ಎಂಬ ಎಐ ಸೇವೆ ಒಂದು ವರ್ಷ ಉಚಿತ ಎಂದಿತು. ಅದರ ಬೆಲೆ ವರ್ಷಕ್ಕೆ 17,000 ರೂಪಾಯಿ ಎಂದೂ ಹೇಳಿತು. ಅಕ್ಟೋಬರ್ ಕೊನೆಗೆ ಜಿಯೋ ಮತ್ತು ಗೂಗಲ್ ಸೇರಿ, ಗೂಗಲ್‌ನ ಎಐ ಆ್ಯಪ್ ಜೆಮಿನಿಯ ಪ್ರೊ ಪ್ಲಾನ್ 18 ತಿಂಗಳು ಉಚಿತ ಎಂದವು. ಅದರ ಬೆಲೆ 35,100 ರೂಪಾಯಿ. ಮೊದಲು 18ರಿಂದ 25 ವರ್ಷದವರಿಗೆ ಮಾತ್ರ ಕೊಟ್ಟರು, ಆಮೇಲೆ ಉಳಿದವರಿಗೂ ಬಿಟ್ಟರು. ನವೆಂಬರ್ 4ರಿಂದ ಓಪನ್‌ಎಐ ಯಾವ ಸಿಮ್ಮಿನ ಹಂಗೂ ಇಲ್ಲದೆ, ತಿಂಗಳಿಗೆ 399 ರೂಪಾಯಿಯ ಚಾಟ್‌ಜಿಪಿಟಿ ಗೋ ಪ್ಲಾನನ್ನು ಭಾರತದವರಿಗೆ ಒಂದು ವರ್ಷ ಉಚಿತವಾಗಿ ಕೊಡಲು ಶುರುಮಾಡಿತು. ನಾಲ್ಕು ತಿಂಗಳೊಳಗೆ ಮೂರು ಕಡೆಯಿಂದ ದಾನ.

ಈಗ ಸ್ವಲ್ಪ ಲೆಕ್ಕ. 35,100ನ್ನು 18ರಿಂದ ಭಾಗಿಸಿದರೆ ತಿಂಗಳಿಗೆ 1,950 ರೂಪಾಯಿ. ಅದೇ ಜಿಯೋಗೆ ಒಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ ಬರುವ ಹಣ 2025ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 211 ರೂಪಾಯಿ ಚಿಲ್ಲರೆ. ಏರ್‌ಟೆಲ್‌ಗೆ 256. ಮಾತು, ಮೆಸೇಜು, ಡೇಟಾ ಎಲ್ಲದಕ್ಕೂ ಸೇರಿ ಇನ್ನೂರೈವತ್ತು ರೂಪಾಯಿ ಆಸುಪಾಸು ಕೊಡುವ ಮನುಷ್ಯನಿಗೆ 1,950 ರೂಪಾಯಿಯ ವಸ್ತುವನ್ನು ಪುಕ್ಕಟೆ ಕೊಟ್ಟೆ ಎಂದರೆ, ಆ 1,950 ನಿಜವಾದ ಬೆಲೆಯೇ ಅಲ್ಲ. ಇಲ್ಲಿ ಆ ದುಡ್ಡಿಗೆ ಅದನ್ನು ಕೊಳ್ಳುವವರು ಬೆರಳೆಣಿಕೆಯ ಮಂದಿ. ಯಾರೂ ಕೊಳ್ಳದ ಬೆಲೆಯನ್ನು ಹಲಗೆಯಲ್ಲಿ ಬರೆದು, ಅದರ ಮೇಲೆ ಗೀಟು ಹಾಕಿ, "ಫ್ರೀ" ಎಂದು ಬರೆದಿದ್ದಾರೆ ಅಷ್ಟೆ. 35,100 ಲಾಭ ಆಯಿತು ಎಂದು ಖುಷಿಪಡುವವರು ಇದನ್ನೊಮ್ಮೆ ಯೋಚಿಸಬೇಕು.

ಹಾಗಂತ ಕೊಡುವವರಿಗೆ ಖರ್ಚಿಲ್ಲ ಎಂದೇನಲ್ಲ. ಎಐ ಸೇವೆಗೂ ಹಳೆಯ ವೆಬ್ ಸೇವೆಗಳಿಗೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಒಂದು ಸಿನಿಮಾವನ್ನು ಸರ್ವರಿನಲ್ಲಿ ಇಟ್ಟ ಮೇಲೆ ಇನ್ನೊಬ್ಬ ನೋಡಿದರೆ ಹೆಚ್ಚೇನೂ ಖರ್ಚಾಗುವುದಿಲ್ಲ. ಎಐನಲ್ಲಿ ಹಾಗಲ್ಲ. ನೀವು ಕೇಳಿದ ಪ್ರತಿ ಪ್ರಶ್ನೆಗೂ ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ದುಬಾರಿ ಚಿಪ್ಪುಗಳು ಹೊಸದಾಗಿ ಲೆಕ್ಕ ಹಾಕಬೇಕು, ಕರೆಂಟು ಉರಿಯಬೇಕು, ಅದನ್ನು ತಣ್ಣಗಿಡಬೇಕು. ಚಿತ್ರ ಬಿಡಿಸು, ವಿಡಿಯೋ ಮಾಡು ಎಂದರೆ ಇನ್ನೂ ಜಾಸ್ತಿ. ಇಷ್ಟು ಖರ್ಚು ಮಾಡಿಯೂ ಪುಕ್ಕಟೆ ಕೊಡುತ್ತಾರೆ ಎಂದರೆ ಅದಕ್ಕಿಂತ ದೊಡ್ಡದೇನೋ ಸಿಗುತ್ತದೆ ಎಂಬ ಲೆಕ್ಕ ಇದ್ದೇ ಇರುತ್ತದೆ. ಅಮೆರಿಕ ಬಿಟ್ಟರೆ ತಮ್ಮ ದೊಡ್ಡ ಮಾರುಕಟ್ಟೆ ಭಾರತ ಎಂದು ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಹೇಳಿದ್ದಾರೆ. ಚೀನಾದ ಬಾಗಿಲು ಈ ಕಂಪನಿಗಳಿಗೆ ಮುಚ್ಚಿದೆ. ಉಳಿದ ದೊಡ್ಡ ಜನಸಂಖ್ಯೆ ನಮ್ಮದು. ಇಲ್ಲಿ ಯಾರ ಆ್ಯಪ್ ಮೊದಲು ಕೈಗೆ ಒಗ್ಗುತ್ತದೋ ಅವರು ಗೆದ್ದಂತೆ.

ಟೆಲಿಕಾಂ ಕಂಪನಿಗಳ ಲೆಕ್ಕ ಇನ್ನೂ ಸರಳ. ಜಿಯೋ ಕೊಡುಗೆ ಸಿಗಬೇಕಾದರೆ ಅನ್‌ಲಿಮಿಟೆಡ್ 5ಜಿ ಇರುವ ಪ್ಲಾನ್ ಬೇಕು, ಅಂದರೆ 349 ರೂಪಾಯಿಯಿಂದ ಮೇಲೆ. ಆ 18 ತಿಂಗಳೂ ಅಂಥ ಪ್ಲಾನ್ ನಡೆಯುತ್ತಿರಬೇಕು. ಅಮ್ಮನ ಫೋನಿಗೆ ಕಡಿಮೆ ಬೆಲೆಯ ಪ್ಲಾನ್ ಸಾಕಿತ್ತು. ಮಗಳು ಜೆಮಿನಿ ಸಿಗುತ್ತದೆ ಎಂದು 349 ಹಾಕಿಸಿದರೆ, ಫ್ರೀ ಎಐಗೆ ಆ ಮನೆಯವರು ದುಡ್ಡು ಕೊಟ್ಟ ಹಾಗೇ ಆಯಿತು. ಬಿಲ್ಲಿನಲ್ಲಿ ಎಐ ಎಂದು ಬರೆದಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಅಂದ ಹಾಗೆ ಗೂಗಲ್‌ಗೆ ಜಿಯೋ ಹೊಸ ನೆಂಟನೂ ಅಲ್ಲ. 2020ರಲ್ಲೇ ಅದು ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ 33,737 ಕೋಟಿ ರೂಪಾಯಿ ಹಾಕಿ 7.7 ಶೇಕಡಾ ಪಾಲು ತೆಗೆದುಕೊಂಡಿದೆ.

ಜಿಯೋದ ಹಳೆಯ ಫ್ರೀ ನೆನಪಿರಬೇಕಲ್ವಾ? 2016ರ ಸೆಪ್ಟೆಂಬರ್ 5ರಂದು ಸೇವೆ ಶುರುವಾದಾಗ ಡಿಸೆಂಬರ್ ತನಕ ಎಲ್ಲ ಉಚಿತ ಎಂದರು. ಆಮೇಲೆ 2017ರ ಮಾರ್ಚ್ 31ರ ತನಕ ಎಳೆದರು. ಸಿಮ್ಮಿಗೆ ಉದ್ದ ಕ್ಯೂ, ಆಧಾರ್ ಜೆರಾಕ್ಸ್ ಹಿಡಿದು ಅಂಗಡಿ ಅಂಗಡಿ ಸುತ್ತಾಟ. ಆ ಫ್ರೀ ನಮಗೆ ಒಳ್ಳೆಯದೇ ಮಾಡಿತು. ಅದನ್ನು ಅಲ್ಲಗಳೆಯಲು ಆಗುವುದಿಲ್ಲ. ಒಂದು ಜಿಬಿಗೆ ಇನ್ನೂರು ರೂಪಾಯಿಗಿಂತ ಮೇಲೆ ಕೊಟ್ಟು, ತಿಂಗಳು ಪೂರ್ತಿ ಅದನ್ನೇ ನೆಕ್ಕಿಕೊಂಡು ಬಳಸುತ್ತಿದ್ದ ನಾವು ದಿನಕ್ಕೆ ಒಂದೂವರೆ ಜಿಬಿ ಸುರಿಯುವ ಹಂತಕ್ಕೆ ಬಂದೆವು. ದುಬೈಯಲ್ಲಿರುವ ಅಣ್ಣನ ಜೊತೆ ವಿಡಿಯೋ ಕಾಲ್ ಮಾಡುವುದು ಹಬ್ಬದ ದಿನದ ವಿಷಯವಾಗಿದ್ದದ್ದು ದಿನದ ರೂಢಿಯಾಯಿತು. ಅದೇ ಹೊತ್ತಿಗೆ ಇನ್ನೊಂದು ಕಡೆ ಏರ್‌ಸೆಲ್ ಮುಳುಗಿತು, ರಿಲಯನ್ಸ್ ಕಮ್ಯುನಿಕೇಷನ್ಸ್ ಬಾಗಿಲು ಹಾಕಿತು, ವೊಡಾಫೋನ್ ಮತ್ತು ಐಡಿಯಾ ಒಂದಾಗಿಯೂ ಏದುಸಿರು ಬಿಟ್ಟವು. ಆಯ್ಕೆ ಕಡಿಮೆಯಾದ ಮೇಲೆ 2019ರಲ್ಲಿ ದರ ಏರಿತು, 2021ರಲ್ಲಿ ಏರಿತು, 2024ರ ಜುಲೈಯಲ್ಲಿ ಮತ್ತೆ ಏರಿತು. 239 ರೂಪಾಯಿಯ ಜಿಯೋ ಪ್ಲಾನ್ 299 ಆಯಿತು. ಬೈದುಕೊಂಡೇ ಹಾಕಿಸಿದೆವು. ಡೇಟಾ ಇಲ್ಲದೆ ಇರುವುದು ಹೇಗೆಂದು ಅಷ್ಟರಲ್ಲಿ ಮರೆತುಹೋಗಿತ್ತು.

ಎಐ ಕಂಪನಿಗಳಿಗೆ ಬೇಕಾಗಿರುವುದೂ ಈ ಮರೆವೇ. ಹಾಗಾಗಿ ಹೊಸ ಸೇವೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಫ್ರೀ ಮುಗಿಯುವ ದಿನ ಅದನ್ನು ಬಿಡಲು ನಮಗೆ ಸಾಧ್ಯ ಇದೆಯಾ? ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದು.

ಸದ್ಯಕ್ಕೆ ನಮ್ಮ ಕಡೆ ಯಾರು ಯಾವುದಕ್ಕೆ ಬಳಸುತ್ತಿದ್ದಾರೆ ನೋಡಿ. ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯ ವಿದ್ಯಾರ್ಥಿಗಳಿಗೆ ಇದು ನಿಜಕ್ಕೂ ಉಪಯೋಗದ ವಸ್ತು. ಕೋಡ್ ತಪ್ಪು ಹುಡುಕಲು, ದಪ್ಪ ಪಾಠವನ್ನು ಬಿಡಿಸಿ ಕೇಳಲು, ಇಂಗ್ಲಿಷ್ ತಿದ್ದಿಸಿಕೊಳ್ಳಲು ಒಳ್ಳೆಯ ಟ್ಯೂಷನ್ ಮೇಷ್ಟ್ರೇ ಸಿಕ್ಕ ಹಾಗೆ. ಗಲ್ಫ್ ಕೆಲಸಕ್ಕೆ ಅರ್ಜಿ ಹಾಕುವವರು ಬಯೋಡೇಟಾ, ಮೇಲ್ ಬರೆಸಿಕೊಳ್ಳುತ್ತಾರೆ. ಪಂಚಾಯತ್‌ಗೆ ಮನವಿ, ಬ್ಯಾಂಕಿಗೆ ದೂರು, ಆರ್‌ಟಿಐ ಅರ್ಜಿ, ಇದೆಲ್ಲ ಮೊದಲು ಯಾರಾದರೂ ಬಲ್ಲವರ ಹತ್ತಿರ ಹೋಗಿ ಬರೆಸಬೇಕಿತ್ತು. ಈಗ ಕನ್ನಡದಲ್ಲೇ ಹೇಳಿದರೆ ಕನ್ನಡದಲ್ಲೇ ಬರೆದುಕೊಡುತ್ತದೆ. ಭಾಷೆ ಸ್ವಲ್ಪ ಸರಕಾರಿ ಸುತ್ತೋಲೆಯ ಥರ ಇರುತ್ತದೆ, ಆದರೆ ಕಚೇರಿಗೆ ಹೋಗುವ ಅರ್ಜಿಗೆ ಅದೇನು ಕುಂದಲ್ಲ.

ಊರಿನ ವಿಷಯಕ್ಕೆ ಬಂದಾಗ ಬಣ್ಣ ಬಯಲಾಗುತ್ತದೆ. ಯಕ್ಷಗಾನದ ವೇಷದ ಚಿತ್ರ ಮಾಡಿಕೊಡು ಎಂದು ಒಂದು ಆ್ಯಪನ್ನು ಕೇಳಿದರೆ ಕಥಕ್ಕಳಿಯ ಹಸಿರು ಮುಖಕ್ಕೆ ಎಲ್ಲೂ ಇಲ್ಲದ ಕಿರೀಟ ಇಟ್ಟು ಕೊಟ್ಟಿತು. ತೆಂಕುತಿಟ್ಟು, ಬಡಗುತಿಟ್ಟು ಎಂಬ ಭೇದವಂತೂ ಅದಕ್ಕೆ ದೂರದ ಮಾತು. ಕಾರ್ಕಳದಿಂದ ಉಡುಪಿಗೆ ಬೆಳಗ್ಗೆ ಎಷ್ಟು ಹೊತ್ತಿಗೆ ಬಸ್ ಇದೆ ಎಂದು ಕೇಳಿ ನೋಡಿ. ನಮ್ಮ ಖಾಸಗಿ ಬಸ್ಸುಗಳ ಸಮಯ ಇಂಟರ್ನೆಟ್ಟಿನಲ್ಲಿ ಸರಿಯಾಗಿ ಎಲ್ಲೂ ಬರೆದಿಲ್ಲ. ಹಾಗಿದ್ದರೂ ಉತ್ತರ ಮಾತ್ರ ಧೈರ್ಯವಾಗಿ ಬರುತ್ತದೆ. ಗೊತ್ತಿಲ್ಲ ಎನ್ನುವ ಅಭ್ಯಾಸ ಇವುಗಳಿಗೆ ಕಡಿಮೆ. ಕಾರಣ ಇವುಗಳ ಕೆಲಸದ ರೀತಿ. ಓದಿದ ಕೋಟ್ಯಂತರ ವಾಕ್ಯಗಳಿಂದ, ಈ ಮಾತಿನ ಮುಂದೆ ಯಾವ ಮಾತು ಬರುವ ಸಾಧ್ಯತೆ ಜಾಸ್ತಿ ಎಂದು ಅಂದಾಜು ಮಾಡಿ ಬರೆಯುತ್ತವೆ. ಓದಿದ್ದರಲ್ಲಿ ನಮ್ಮ ಊರು ಕಡಿಮೆ ಇದ್ದರೆ ಅಂದಾಜೂ ಹಾಗೇ ಇರುತ್ತದೆ.

ಇಲ್ಲಿಂದ ಮಾತು ತುಳುವಿಗೆ ಬರುತ್ತದೆ. ಈ ಫ್ರೀ ವ್ಯಾಪಾರದಲ್ಲಿ ನಮ್ಮ ಕರಾವಳಿಗೆ ಮುಖ್ಯವಾದ ಭಾಗ ಇದು. ಆದರೆ ಯಾರೂ ಅಷ್ಟಾಗಿ ಮಾತಾಡುತ್ತಿಲ್ಲ. 2011ರ ಜನಗಣತಿ ಪ್ರಕಾರ ತುಳು ಮಾತಾಡುವವರು ಸುಮಾರು 18.5 ಲಕ್ಷ. ಮಾತಾಡುವವರು ಇಷ್ಟಿದ್ದರೂ ಬರವಣಿಗೆ ಕಡಿಮೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಕೊಂಕಣಿ 1992ರಲ್ಲೇ ಸೇರಿದೆ, ತುಳು ಇನ್ನೂ ಹೊರಗೇ ನಿಂತಿದೆ. ಆದರೂ ಡಿಜಿಟಲ್ ಲೋಕದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದ್ದೇವೆ. 2016ರಲ್ಲಿ ತುಳು ವಿಕಿಪೀಡಿಯ ಶುರುವಾಯಿತು. ಅಲ್ಲಿ ಬರೆದವರೆಲ್ಲ ಸಂಬಳವಿಲ್ಲದ ನಮ್ಮ ಊರಿನವರೇ. 2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ 110 ಹೊಸ ಭಾಷೆ ಸೇರಿಸಿದಾಗ ಅದರಲ್ಲಿ ತುಳುವೂ ಇತ್ತು. ಕೊಂಕಣಿ ಅದಕ್ಕೂ ಎರಡು ವರ್ಷ ಮೊದಲೇ ಬಂದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್, ಫೋನ್‌ಗಳಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಬಳಸುವ ಯೂನಿಕೋಡ್ ಪಟ್ಟಿಯ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿತು.

ಎಐ ಕಂಪನಿಗಳು ಇಂಗ್ಲಿಷಿನಲ್ಲಿ ಸಿಗುವ ಬರಹವನ್ನು ಬಹುಪಾಲು ಓದಿಸಿ ಆಗಿದೆ. ಇನ್ನು ಅವರಿಗೆ ಸುಲಭವಾಗಿ ಸಿಗದೇ ಇರುವುದು ತುಳುವಿನಂಥ, ಕುಂದಾಪ್ರ ಕನ್ನಡದಂಥ, ಬ್ಯಾರಿಯಂಥ ಮಾತು. ಜನ ಮಾತಾಡುವ ಹಾಗೇ ಮಾತಾಡಿದ್ದು, ಪ್ರಶ್ನೆ ಕೇಳಿದ್ದು, ತಪ್ಪು ಉತ್ತರ ಬಂದಾಗ ತಿದ್ದಿದ್ದು. ಬಜಾರಿನಲ್ಲಿ ಇಂಥ ಸಾಮಗ್ರಿ ಕೊಳ್ಳಲು ಹೋದರೆ ಸಿಗುವುದಿಲ್ಲ. ಫ್ರೀ ಆ್ಯಪ್ ಕೊಟ್ಟರೆ ಸಿಗುತ್ತದೆ. ನೀವು ತುಳುವಿನಲ್ಲಿ ಕೇಳಿ, ಅದು ತಪ್ಪು ಹೇಳಿ, ನೀವು "ಅಂಚ ಅತ್ತ್" (ಹಾಗಲ್ಲ) ಎಂದು ತಿದ್ದಿದಿರಿ ಎಂದಿಟ್ಟುಕೊಳ್ಳಿ. ಆ ಕ್ಷಣ ನೀವು ಗ್ರಾಹಕರೂ ಹೌದು, ಸಂಬಳವಿಲ್ಲದ ಮೇಷ್ಟ್ರೂ ಹೌದು. ಕಂಪನಿ ಪ್ರತಿಯೊಂದು ಮಾತನ್ನೂ ಹಾಗೇ ಬಳಸುತ್ತದೆ ಎಂದು ನಾನು ಹೇಳುತ್ತಿಲ್ಲ. ಬಳಸಲು ನಿಯಮಗಳಲ್ಲಿ ಅವಕಾಶ ಇದೆ, ಬೇಡ ಎಂದರೆ ನಾವೇ ಹೋಗಿ ಸ್ವಿಚ್ ಆಫ್ ಮಾಡಬೇಕು. ಚಾಟ್‌ಜಿಪಿಟಿಯಲ್ಲಿ ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್ ಒಳಗೆ ಆ ಸ್ವಿಚ್ ಇದೆ. ಜೆಮಿನಿಯಲ್ಲಿ ಆ್ಯಕ್ಟಿವಿಟಿ ಎಂಬಲ್ಲಿ ಇದೆ. ಎರಡೂ ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತವೆ.

ಇದರಿಂದ ತುಳುವಿಗೆ ನಷ್ಟವೇ? ಹಾಗೆ ಅನ್ನಲಾರೆ. ಮುಂದೊಂದು ದಿನ ಅಜ್ಜಿಯೊಬ್ಬರು ತುಳುವಿನಲ್ಲೇ ಫೋನಿಗೆ ಹೇಳಿ ಪಿಂಚಣಿಯ ವಿಷಯ ತಿಳಿದುಕೊಳ್ಳುವಂತಾದರೆ ಯಾರಿಗೆ ಬೇಡ? ನನ್ನ ತಕರಾರು ಬೇರೆ. ವಿಕಿಪೀಡಿಯಕ್ಕೆ ಬರೆದದ್ದು ಎಲ್ಲರಿಗೂ ತೆರೆದಿರುತ್ತದೆ, ನಾಳೆ ಬೇರೆ ಯಾರು ಬೇಕಾದರೂ ಬಳಸಬಹುದು. ಈ ಆ್ಯಪ್‌ಗಳಿಗೆ ಹೇಳಿಕೊಟ್ಟದ್ದು ಆ ಕಂಪನಿಯ ಒಳಗೇ ಉಳಿಯುತ್ತದೆ. ನಮ್ಮ ಭಾಷೆ ಕಲಿತ ಯಂತ್ರವನ್ನು ನಾಳೆ ನಮಗೇ ತಿಂಗಳ ಬಾಡಿಗೆಗೆ ಕೊಡುತ್ತಾರೆ. ತುಳು ಅಕಾಡೆಮಿ, ವಿಶ್ವವಿದ್ಯಾಲಯಗಳು ತುಳು ಮಾತಿನ ತೆರೆದ ಸಂಗ್ರಹ ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಅದು ಬೇರೆಯೇ ಲೇಖನದ ವಿಷಯ.

ಫ್ರೀ ಎಂಬುದು ಹೇಗೆ ಒಂದೇ ವಾರದಲ್ಲಿ ತಿರುಗಿಬೀಳಬಹುದು ಎಂಬುದಕ್ಕೆ ಯುಪಿಐ ಕಥೆಯೇ ಸಾಕು. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಮೀನು ಮಾರುವ ಹೆಂಗಸರ ಬುಟ್ಟಿ ಪಕ್ಕ ಕ್ಯೂಆರ್ ಕಾರ್ಡ್ ಇರುತ್ತದೆ. ನೂರು ರೂಪಾಯಿಯ ಬೂತಾಯಿಗೂ ಸ್ಕ್ಯಾನ್. ಚಿಲ್ಲರೆ ತಾಪತ್ರಯ ಇಲ್ಲ, ಕಳ್ಳನೋಟಿನ ಹೆದರಿಕೆ ಇಲ್ಲ. 2020ರ ಜನವರಿಯಿಂದ ಅಂಗಡಿಯವರಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ ಎಂದು ಸರಕಾರ ಮಾಡಿದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಮೇಲೆ ಯುಪಿಐ ವಹಿವಾಟು ನಡೆಯಿತು. ಇಷ್ಟೆಲ್ಲ ಪುಕ್ಕಟೆ ನಡೆಯುವುದಿಲ್ಲ. ಬ್ಯಾಂಕುಗಳು ಖರ್ಚು ಹೊರುತ್ತವೆ. 2024-25ಕ್ಕೆ ಕೇಂದ್ರ ಸರಕಾರ ಸಣ್ಣ ಮೊತ್ತದ ಪಾವತಿಗಳಿಗೆಂದೇ 1,500 ಕೋಟಿ ರೂಪಾಯಿಯ ಪ್ರೋತ್ಸಾಹಧನ ಇಟ್ಟಿತು. ಅಂಗಡಿಯವರು "ಹಣ ಸ್ವೀಕರಿಸಲಾಗಿದೆ" ಎಂದು ಕೂಗುವ ಸೌಂಡ್ ಬಾಕ್ಸಿಗೆ ತಿಂಗಳಿಗೆ ನೂರು ರೂಪಾಯಿ ಆಸುಪಾಸು ಬಾಡಿಗೆ ಕಟ್ಟುತ್ತಾರೆ.

ಇನ್ನೊಂದು ಬೆಲೆ ಗೊತ್ತಾದದ್ದು 2025ರ ಜುಲೈಯಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೀವು ದಾಟಿದ್ದೀರಿ, ಹಳೆಯ ವರ್ಷಗಳ ತೆರಿಗೆ ಕಟ್ಟಿ ಎಂಬುದು ನೋಟಿಸಿನ ಸಾರ. ತರಕಾರಿ, ಹಾಲು ಮಾರುವವರಿಗೂ ಬಂತು. ರಾತ್ರಿ ಬೆಳಗಾಗುವುದರೊಳಗೆ ರಾಜ್ಯದಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬೋರ್ಡ್ ಹಾಕಿದವು. ಪ್ರತಿಭಟನೆ ಜೋರಾದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಕೊಳ್ಳಬೇಕು ಎಂದರು. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರ ಬಗ್ಗೆ ನನ್ನದು ಬೇರೆ ಮಾತಿಲ್ಲ. ಗಮನಿಸಬೇಕಾದ್ದು ಇಷ್ಟೇ: ಅನುಕೂಲಕ್ಕೆಂದು ಬಂದ ಸೇವೆ ತನ್ನ ಪಾಡಿಗೆ ನಾಲ್ಕು ವರ್ಷದ ಲೆಕ್ಕವನ್ನೂ ಬರೆದಿಡುತ್ತಿತ್ತು. ಆ ಲೆಕ್ಕ ಮುಂದೆ ಯಾರ ಮೇಜಿಗೆ ಹೋಗುತ್ತದೆ ಎಂದು ಸ್ಟಿಕ್ಕರ್ ಅಂಟಿಸುವ ದಿನ ಅಂಗಡಿಯವರು ಕೇಳಿರಲಿಲ್ಲ, ಅಂಟಿಸಿದವರೂ ಹೇಳಿರಲಿಲ್ಲ.

ನಮ್ಮ ಜಿಲ್ಲೆಗಳು ಹಣಕಾಸಿನ ಹೊಸ ಸೇವೆಗಳಿಗೆ ಹೊಸಬರಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರುಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಗೆ, ಅಂಗಡಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಕಾಲಕ್ಕೆ ಅದೂ ಬಾಗಿಲಿಗೆ ಬಂದ ಹೊಸ ಸೇವೆಯೇ. ಆದರೆ ಏಜೆಂಟರಿಗೆ ಕಮಿಷನ್ ಎಲ್ಲಿಂದ ಬರುತ್ತದೆ, ಅವಧಿಗೆ ಮೊದಲು ಹಣ ತೆಗೆದರೆ ಏನು ಕಡಿತ ಆಗುತ್ತದೆ ಎಂಬುದು ಪಿಗ್ಮಿ ಕಟ್ಟುವ ಬೀಡಿ ಕೆಲಸದವರಿಗೂ ಗೊತ್ತಿರುತ್ತಿತ್ತು. ಅನುಮಾನ ಬಂದರೆ ಮರುದಿನ ಸಂಜೆ ಅದೇ ಮನುಷ್ಯ ಎದುರಿಗೆ ಬರುತ್ತಿದ್ದ. ಈಗ ಆ ಬ್ಯಾಂಕಿನ ಹೆಸರೂ ಇಲ್ಲ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇವತ್ತಿನ ಆ್ಯಪ್‌ನಲ್ಲಿ ಅನುಮಾನ ಬಂದರೆ ಕೇಳಬೇಕಾದ್ದು ಯಾರನ್ನು? ಇನ್ನೊಂದು ಚಾಟ್ ಬಾಟನ್ನು.

ಫ್ರೀ ಮುಗಿಯುವಾಗ ಏನಾಗುತ್ತದೆ ಎಂಬುದಕ್ಕೆ ಈಗ ಬರೋಣ. ಏರ್‌ಟೆಲ್ ಕೊಡುಗೆಯನ್ನು ಶುರುವಿನಲ್ಲೇ ತೆಗೆದುಕೊಂಡವರ ಒಂದು ವರ್ಷ 2026ರ ಜುಲೈಯಲ್ಲಿ ಮುಗಿಯುತ್ತದೆ. ಚಾಟ್‌ಜಿಪಿಟಿ ಗೋ ಮೊದಲ ದಿನವೇ ಹಾಕಿಕೊಂಡವರದ್ದು 2026ರ ನವೆಂಬರ್‌ನಲ್ಲಿ. ಜಿಯೋದ 18 ತಿಂಗಳು 2027ರ ಏಪ್ರಿಲ್ ಕೊನೆಯಿಂದ ಮುಗಿಯುತ್ತಾ ಬರುತ್ತದೆ. ಕೆಲವು ಉಚಿತ ಕೊಡುಗೆಗಳಲ್ಲಿ ಶುರುವಿಗೇ ಕಾರ್ಡ್ ಅಥವಾ ಯುಪಿಐ ಸೇರಿಸಿ ಎನ್ನುತ್ತಾರೆ. ಆಗ ಒಂದೋ ಎರಡೋ ರೂಪಾಯಿ ಕಡಿತವಾಗಿ ವಾಪಸ್ ಬರುತ್ತದೆ. ಅದು ಆಟೋಪೇಗೆ ಕೊಟ್ಟ ಒಪ್ಪಿಗೆ. ಅವಧಿ ಮುಗಿದ ಮರುದಿನದಿಂದ ನಿಮ್ಮನ್ನು ಕೇಳದೆಯೇ ಹಣ ಹೋಗಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು. 15,000 ರೂಪಾಯಿ ತನಕ ಪ್ರತಿ ಬಾರಿ ಒಟಿಪಿ ಬೇಕಿಲ್ಲ. ಆ ಸೂಚನೆ ಬರುವುದು ನಿಜ. ಆದರೆ ಸಾಲ ಬೇಕಾ, ಲಾಟರಿ ಬಂದಿದೆ, ಸೇಲ್ ಶುರು ಎಂಬ ನೂರು ಮೆಸೇಜಿನ ನಡುವೆ ಯಾರು ನೋಡುತ್ತಾರೆ? ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಎಂಬ ಜಾಗ ಇರುತ್ತದೆ. ಈ ಲೇಖನ ಓದಿ ಮುಗಿಸಿದ ಕೂಡಲೇ ಅದನ್ನೊಮ್ಮೆ ತೆರೆಯಿರಿ. ನೆನಪೇ ಇಲ್ಲದ ಒಂದೆರಡು ಹೆಸರು ಅಲ್ಲಿದ್ದರೆ ಆಶ್ಚರ್ಯ ಬೇಡ. ರದ್ದು ಮಾಡುವ ಬಟನ್ ಕೂಡ ಅಲ್ಲೇ ಇರುತ್ತದೆ.

ಸೇರುವುದು ಒಂದು ಒತ್ತಿಗೆ, ಬಿಡುವುದು ಹತ್ತು ಒತ್ತಿಗೆ ಎಂಬ ಈ ಆಟಕ್ಕೆ ನಮ್ಮ ಕಾನೂನಿನಲ್ಲೂ ಹೆಸರಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಎಂದು ಕರೆಯುವ 13 ಬಗೆಯ ವಂಚನೆಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಚಂದಾದಾರಿಕೆಯ ಬಲೆ ಅದರಲ್ಲೊಂದು. ಕೇಳದೆಯೇ ಬಿಲ್ಲಿಗೆ ಏನನ್ನೋ ಸೇರಿಸುವುದು ಇನ್ನೊಂದು. ಕಾಗದದಲ್ಲಿ ಚೆನ್ನಾಗಿಯೇ ಇದೆ. ದೂರು ಕೊಡುವವರು ಬೇಕಷ್ಟೆ, 1915ಕ್ಕೆ ಫೋನ್ ಮಾಡಬಹುದು.

ಸಣ್ಣದಾಗಿ ಶುರುಮಾಡಿ ಮೆಲ್ಲನೆ ಏರಿಸುವುದು ಬೇರೆಯದೇ ಕಲೆ, ಅದಕ್ಕೆ ನಿಷೇಧವೂ ಇಲ್ಲ. ಝೊಮಾಟೊ 2023ರ ಆಗಸ್ಟ್‌ನಲ್ಲಿ ಪ್ರತಿ ಆರ್ಡರಿಗೆ 2 ರೂಪಾಯಿ ಪ್ಲಾಟ್‌ಫಾರ್ಮ್ ಶುಲ್ಕ ಎಂದಿತು. ಎರಡು ರೂಪಾಯಿಗೆ ಯಾರು ಜಗಳ ಮಾಡುತ್ತಾರೆ? 2025ರ ಸೆಪ್ಟೆಂಬರ್ ಹೊತ್ತಿಗೆ ಅದು 12 ಆಗಿತ್ತು. ಯುಪಿಐ ಆ್ಯಪ್‌ಗಳಲ್ಲಿ ಮೊಬೈಲ್ ರೀಚಾರ್ಜ್‌ಗೂ ಈಗ ಒಂದೆರಡು ರೂಪಾಯಿ ಸೇರಿರುತ್ತದೆ.

ಎಐ ಆ್ಯಪ್‌ಗಳು ದುಡ್ಡು ಕೇಳದೆಯೂ ಗಳಿಸಬಹುದು. ದಾರಿ ಎಲ್ಲರಿಗೂ ಗೊತ್ತಿರುವುದೇ, ಜಾಹೀರಾತು. ತನ್ನ ಎಐ ಜೊತೆ ಜನ ಆಡುವ ಮಾತನ್ನು ಜಾಹೀರಾತು ಆರಿಸಲು ಬಳಸುವುದಾಗಿ ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಒಡೆತನದ ಮೆಟಾ ಕಂಪನಿ ಹೇಳಿದೆ. 2025ರ ಡಿಸೆಂಬರ್ 16ರಿಂದ ಅದು ಜಾರಿಗೆ ಬರುತ್ತದೆ ಎಂದಿತ್ತು. ವಾಟ್ಸ್‌ಆ್ಯಪ್ ಮೇಲೆ ಕೂತಿರುವ ಆ ನೀಲಿ ಉಂಗುರ ನೆನಪಿದೆಯಲ್ಲ, ಅದೇ. 2026ರ ಜನವರಿಯಲ್ಲಿ ಓಪನ್‌ಎಐ ಕೂಡ ಅಮೆರಿಕದಲ್ಲಿ ಚಾಟ್‌ಜಿಪಿಟಿಯ ಉಚಿತ ಮತ್ತು ಗೋ ಪ್ಲಾನ್‌ಗಳಲ್ಲಿ ಜಾಹೀರಾತು ಪರೀಕ್ಷಿಸುವುದಾಗಿ ತಿಳಿಸಿತು. ಗೋ ಎಂದರೆ ನಮಗೆ ವರ್ಷ ಪೂರ್ತಿ ಪುಕ್ಕಟೆ ಕೊಟ್ಟ ಅದೇ ಪ್ಲಾನ್. ದುಡ್ಡು ಕೊಟ್ಟು ಮುಂದುವರಿಸಿದರೂ ಜಾಹೀರಾತು ತಪ್ಪುವ ಭರವಸೆ ಇಲ್ಲ ಎಂದಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮಂಗಳೂರು, ಮಣಿಪಾಲ ಎಂದರೆ ಆಸ್ಪತ್ರೆಗಳ ಊರು. ಕಾಸರಗೋಡು, ಉತ್ತರ ಕನ್ನಡ, ಶಿವಮೊಗ್ಗ ಕಡೆಯಿಂದಲೂ ಇಲ್ಲಿಗೇ ಬರುತ್ತಾರೆ. ಲ್ಯಾಬ್ ವರದಿ ಈಗ ವಾಟ್ಸ್‌ಆ್ಯಪ್‌ಗೆ ಬರುತ್ತದೆ, ಡಾಕ್ಟರ್ ಸಿಗುವುದು ಮರುದಿನ. ನಡುವಿನ ಆ ರಾತ್ರಿ ವರದಿಯ ಫೋಟೋವನ್ನು ಎಐಗೆ ಹಾಕಿ "ಇದು ಎಂಥದು?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕ್ರಿಯಾಟಿನಿನ್ ಎಂದರೇನು, ಅದು ಯಾಕೆ ಏರುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಮರುದಿನ ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಆಗುತ್ತದೆ. ಆದರೆ ಆ ಹಾಳೆಯ ಮೇಲೆ ಹೆಸರು, ವಯಸ್ಸು, ಫೋನ್ ನಂಬರ್, ಆಸ್ಪತ್ರೆಯ ನಂಬರ್ ಎಲ್ಲ ಇರುತ್ತದೆ. ಕೆಲವು ಮಾತುಕತೆಗಳನ್ನು ಮನುಷ್ಯರು ಓದಬಹುದು, ಗುಟ್ಟಾಗಿ ಇರಬೇಕಾದ್ದನ್ನು ಹಾಕಬೇಡಿ ಎಂದು ಜೆಮಿನಿ ಬಗ್ಗೆ ಗೂಗಲ್ ತಾನೇ ಬರೆದಿದೆ. ಹಾಗೆ ಓದಿದವನ್ನು ಮೂರು ವರ್ಷದ ತನಕ ಇಟ್ಟುಕೊಳ್ಳುತ್ತೇವೆ ಎಂದೂ ಬರೆದಿದೆ. ಅವರೇ ಎಚ್ಚರಿಸಿದ ಮೇಲೆ ನಾವು ಕೇಳದಿದ್ದರೆ ಯಾರ ತಪ್ಪು? ಮೇಲಿನ ಭಾಗ ಕತ್ತರಿಸಿ, ಅಂಕಿಗಳನ್ನು ಮಾತ್ರ ಟೈಪ್ ಮಾಡಿ ಕೇಳಿ. ಆಧಾರ್, ಆರ್‌ಟಿಸಿ, ಮಕ್ಕಳ ಮಾರ್ಕ್ಸ್ ಕಾರ್ಡಿಗೂ ಇದೇ ಮಾತು. ದೇಶದ ಡೇಟಾ ರಕ್ಷಣೆ ಕಾಯ್ದೆ 2023ರಲ್ಲೇ ಬಂದಿದೆ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಜಿಯೋ ಜೆಮಿನಿಯ ಅವಧಿಯೂ 18 ತಿಂಗಳೇ. ಕಾಕತಾಳೀಯವೇ ಇರಬೇಕು, ಆದರೂ ಫ್ರೀ ಕಾಲ ಮತ್ತು ಕಾನೂನಿನ ಕಾಯುವ ಕಾಲ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತಿವೆ.

ಹಾಗಾದರೆ ಇಟ್ಟುಕೊಳ್ಳುವುದಾ, ತೆಗೆಯುವುದಾ? ಓದುವವರು, ಕೆಲಸ ಹುಡುಕುವವರು, ಇಂಗ್ಲಿಷ್ ಪತ್ರವ್ಯವಹಾರ ಇರುವವರು ಧಾರಾಳ ಬಳಸಲಿ. ಆದರೆ ಬರೆಸಿಕೊಂಡದ್ದನ್ನು, ಕೂಡಿಟ್ಟದ್ದನ್ನು ಆ್ಯಪ್ ಒಳಗೇ ಬಿಡದೆ ಆಗಾಗ ಹೊರಗೆ ಇಳಿಸಿಕೊಳ್ಳಿ. ಜೆಮಿನಿ ಪ್ರೊ ಜೊತೆ ಬಂದ 2 ಟೆರಾಬೈಟ್ ಸ್ಟೋರೇಜ್ ಬಗ್ಗೆ ಇನ್ನೂ ಹುಷಾರಾಗಿರಿ, ನನ್ನ ಪ್ರಕಾರ ಇಡೀ ಕೊಡುಗೆಯಲ್ಲಿ ಜಾಣ ಕೊಂಡಿ ಅದೇ. ಮದುವೆ, ಕೋಲ, ತೊಟ್ಟಿಲು ಶಾಸ್ತ್ರ ಎಂದು ಫೋಟೋ, ವಿಡಿಯೋ ಎಲ್ಲ ಅಲ್ಲಿ ತುಂಬಿಸಿದರೆ, ಅವಧಿ ಮುಗಿದ ದಿನ ಮೊದಲಿನ 15 ಜಿಬಿಯ ಮಿತಿಗೆ ಬಂದು ನಿಲ್ಲುತ್ತೀರಿ. ಮಿತಿ ಮೀರಿದ್ದರೆ ಹೊಸ ಫೋಟೋ ಸೇರುವುದಿಲ್ಲ, ಅದೇ ಖಾತೆಯ ಜಿಮೇಲ್ ಕೂಡ ಹೊಸ ಮೇಲ್ ತೆಗೆದುಕೊಳ್ಳುವುದಿಲ್ಲ. ಎಐ ಬೇಡ ಎನ್ನಬಹುದು, ಮಗಳ ಮದುವೆಯ ಫೋಟೋ ಬೇಡ ಎನ್ನಲು ಆಗುತ್ತದಾ? ಒಂದು ಹಾರ್ಡ್ ಡಿಸ್ಕ್ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಮುಂದೆ ದರ ಹೇಗಿರಬಹುದು ಎಂಬ ಬಗ್ಗೆ ನನ್ನದೊಂದು ಅಂದಾಜು. ತಿಂಗಳಿಗೆ 1,950 ಕೊಡುವವರು ಇಲ್ಲಿ ಸಿಗುವುದಿಲ್ಲ ಎಂದು ಕಂಪನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. 399 ಕೊಡುವವರೂ ಕಡಿಮೆಯೇ. ಹಾಗಾಗಿ ಎಐಗೆ ಪ್ರತ್ಯೇಕ ಬಿಲ್ ಕಳಿಸುವ ಬದಲು ಅದನ್ನು ರೀಚಾರ್ಜ್ ಒಳಗೇ ಸೇರಿಸಿಬಿಡುತ್ತಾರೆ ಅನ್ನಿಸುತ್ತದೆ. 349ರ ಪ್ಲಾನ್ 399 ಆಗಬಹುದು, 5ಜಿ ಜೊತೆ ಎಐ ಉಚಿತ ಎಂದು ಮೇಲೆ ಬರೆದಿರಬಹುದು. ಬೇಡದವರಿಗೆ ಎಐ ಇಲ್ಲದ ಪ್ಲಾನ್ ಸಿಗುತ್ತದಾ, ಸಿಕ್ಕರೆ ಅದರಲ್ಲಿ 5ಜಿ ಇರುತ್ತದಾ ಎಂಬುದನ್ನು ಆಗ ನೋಡಬೇಕು.